ಲೈಬ್ರರಿ ಕಥೆಗೆ ಮನೆಯವರನ್ನೂ ಕರೆತನ್ನಿ



"ದೇಶ ಸುತ್ತು, ಕೋಶ ಓದು" ಎಂದು ಹಿರಿಯರು ಹೇಳಿದ್ದಾರೆ. ದೇಶ ಸುತ್ತಲು ದುಡ್ಡು ಬೇಕು. ಕೋಶ ಓದಲು ನಮ್ಮ ಪಂಚಾಯಿತಿಯ ಲೈಬ್ರರಿ ಇದೆ. ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಲೈಬ್ರರಿ ಮೇಡಂ ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುತ್ತಾರೆ. ಆದರೆ ಹೋದ ಶನಿವಾರ ಬಂದಿದ್ದವರು ನಾಲ್ಕೇ ಮಕ್ಕಳು. ಹಾಸಿದ ಚಾಪೆಯೆಲ್ಲ ಖಾಲಿ. ಹೀಗೇ ಆದರೆ ಕಥೆ ಹೇಳುವುದು ನಿಂತೇ ಹೋಗುತ್ತದೆ ಎಂದು ನನಗೆ ಭಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2020ರ ನವೆಂಬರ್ ತಿಂಗಳಲ್ಲಿ ಸರ್ಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರು ಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ನಮಗೆ ಇದು ಒಳ್ಳೆಯದೇ ಆಯಿತು. ಆದರೆ ಅಂಗನವಾಡಿಗೆ ಹೋಗುವ ಮೂರು ನಾಲ್ಕು ವರ್ಷದ ಮಕ್ಕಳ ಗತಿ ಏನು? ಅವರಿಗೆ ಸದಸ್ಯರಾಗುವ ವಯಸ್ಸಿಲ್ಲ, ಒಬ್ಬರೇ ರಸ್ತೆ ದಾಟಿ ಬರೋಕೂ ಆಗಲ್ಲ. ಕಥೆ ಕೇಳೋಕೆ ಸದಸ್ಯತ್ವ ಬೇಕಿಲ್ಲ, ಕಾಸೂ ಬೇಕಿಲ್ಲ. ಕೈ ಹಿಡಿದು ಕರೆದುಕೊಂಡು ಬರುವವರು ಬೇಕು, ಅಷ್ಟೇ.

"ಕಥೆ ಕೇಳಿದ್ರೆ ಹೊಟ್ಟೆ ತುಂಬುತ್ತಾ?" ಅಂತ ಕೆಲವರು ಕೇಳ್ತಾರೆ. ಅವರಿಗೆ ನನ್ನ ಉತ್ತರ ಇದು. ನಾವು ಮನೆಯಲ್ಲಿ "ನರಿ ಓಡೋಯ್ತು" ಅಂತೀವಿ. ಪುಸ್ತಕದಲ್ಲಿ "ನರಿಯು ಓಡಿಹೋಯಿತು" ಎಂದಿರುತ್ತದೆ. ಎರಡೂ ಕನ್ನಡವೇ. ಆದರೆ ಪುಸ್ತಕದ ಮಾತು ಕಿವಿಗೇ ಬೀಳದ ಮಗು ಒಂದನೇ ತರಗತಿಗೆ ಬಂದಾಗ ಅಕ್ಷರವನ್ನೂ ಕಲಿಯಬೇಕು, ಆ ಮಾತನ್ನೂ ಕಲಿಯಬೇಕು. ಒಂದೇ ತಲೆಯ ಮೇಲೆ ಎರಡು ಹೊರೆ. ಮೊದಲೇ ಕಥೆ ಕೇಳಿದ ಮಗುವಿಗೆ ಒಂದು ಹೊರೆ ಇಳಿದಿರುತ್ತದೆ.

ನನ್ನ ತಮ್ಮನಿಗೆ ನಾಲ್ಕು ವರ್ಷ. ಮೊದಲು ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದ. ಈಗ ನೆಟ್ಟಗೆ ಹಿಡಿದು, ಹಾಳೆ ತಿರುವಿ, ಚಿತ್ರ ನೋಡಿ ತಾನೇ ಕಥೆ ಕಟ್ಟುತ್ತಾನೆ. ಮೊಬೈಲು ಕೊಟ್ಟರೆ ಸುಮ್ಮನಿರುತ್ತಾನೆ ನಿಜ. ಆದರೆ ಅವನು "ಯಾಕೆ?" ಅಂದರೆ ಮೊಬೈಲಿನ ವಿಡಿಯೋ ನಿಲ್ಲೋದಿಲ್ಲ. ಮೇಡಂ ನಿಲ್ಲಿಸುತ್ತಾರೆ, ಉತ್ತರ ಹೇಳಿ ಮುಂದೆ ಹೋಗುತ್ತಾರೆ.

ಕಥೆ ಅಂದರೆ ಬರೀ ಹೊತ್ತು ಕಳೆಯುವುದಲ್ಲ. ಓದು ಹತ್ತದ ರಾಜಕುಮಾರರಿಗೆ ಕಥೆಗಳಿಂದಲೇ ಬುದ್ಧಿ ಕಲಿಸಿದ್ದು ಪಂಚತಂತ್ರದಲ್ಲಿ ಬರುತ್ತದೆ. ಅದನ್ನು ದುರ್ಗಸಿಂಹ ಎಂಬ ಕವಿ 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದನು. ಅಷ್ಟು ಹಿಂದಿನವರಿಗೆ ಗೊತ್ತಿದ್ದದ್ದು ನಮಗೆ ಮರೆತುಹೋಗಬಾರದು.

"ನಂಗೆ ಓದೋಕೆ ಬರಲ್ಲ, ಲೈಬ್ರರೀಲಿ ನಂಗೇನು ಕೆಲ್ಸ?" ಎಂದು ನಮ್ಮ ಅವ್ವಂದಿರು, ಅಜ್ಜಿಯರು ಹಿಂಜರಿಯುತ್ತಾರೆ. ಒಂದು ದಿನ ಮೇಡಂ ಕಾಗೆ ಗುಬ್ಬಚ್ಚಿ ಕಥೆ ಓದುತ್ತಿದ್ದರು. ಮೊಮ್ಮಗಳನ್ನು ಕರೆದೊಯ್ಯಲು ಬಂದ ಒಬ್ಬ ಅಜ್ಜಿ ಬಾಗಿಲ ಹೊರಗೇ ನಿಂತಿದ್ದರು. ನಿಂತಲ್ಲಿಂದಲೇ, "ಹಂಗಲ್ಲ ಕಣವ್ವ, ಕಾಗೆ ಮನೆ ಸಗಣೀದು, ಮಳೇಲಿ ಕೊಚ್ಕೊಂಡೋಯ್ತು" ಅಂದರು. ಮೇಡಂ ಪುಸ್ತಕ ಮಡಚಿ, "ಒಳಗೆ ಬನ್ನಿ ಅಜ್ಜಿ, ನೀವೇ ಹೇಳಿ" ಅಂದರು. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದು ಪೂರ್ತಿ ಕಥೆ ಹೇಳಿದರು. ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಓದು ಬರದವರೂ ಲೈಬ್ರರಿಗೆ ಬೇಕು ಎಂದು ನನಗೆ ಅವತ್ತು ಗೊತ್ತಾಯಿತು.

ಕೂಲಿಗೆ ಹೋಗುವವರು ಶನಿವಾರ ಮಧ್ಯಾಹ್ನ ಹೇಗೆ ಬರ್ತಾರೆ ಎಂದು ನೀವು ಕೇಳಬಹುದು. ಅದು ಸರಿಯಾದ ಪ್ರಶ್ನೆ. ನಮ್ಮ ಅವ್ವನೂ ಆ ಹೊತ್ತಿಗೆ ಬರೋಕಾಗಲ್ಲ. ಅದು ಅವರ ತಪ್ಪಲ್ಲ. ಅದಕ್ಕೆ ನಾನು ಮೂರು ಸಲಹೆ ಕೊಡುತ್ತೇನೆ.

1. ಏಳನೇ ತರಗತಿಯವರು ಒಬ್ಬೊಬ್ಬರೂ ತಮ್ಮ ಬೀದಿಯ ಚಿಕ್ಕ ಮಕ್ಕಳನ್ನು, ಅವರ ಮನೆಯಲ್ಲಿ ಕೇಳಿ, ಕೈ ಹಿಡಿದು ಕರೆತರಬೇಕು.

2. ತಿಂಗಳಿಗೆ ಒಂದು ದಿನವಾದರೂ ಕೆಲಸ ಬಿಟ್ಟ ಮೇಲೆ, ಸಂಜೆ ಹೊತ್ತು ಕಥೆ ಇಡಿ ಎಂದು ನಮ್ಮ ಗುರುಗಳು ಪಂಚಾಯಿತಿಯವರನ್ನು ಕೇಳಬೇಕು.

3. ಆ ದಿನ ಅಪ್ಪಂದಿರೂ ಬರಬೇಕು. ಅರಳಿಕಟ್ಟೆ ಮೇಲೆ ಕೂರುವ ಹೊತ್ತಿನಲ್ಲಿ ಒಂದು ಗಂಟೆ ಮಗುವಿನ ಪಕ್ಕ ಚಾಪೆ ಮೇಲೆ ಕೂತರೆ ಏನೂ ಕಡಿಮೆಯಾಗಲ್ಲ.

ಬರುವ ಶನಿವಾರ ನಾನು ತಮ್ಮನ ಜೊತೆ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಅವರ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇನೆ. ನೀವು ಯಾರನ್ನು ಕರೆತರುತ್ತೀರಿ?

— 7ನೇ ತರಗತಿಯ ವಿದ್ಯಾರ್ಥಿನಿ