ಮೆಟ್ಟಿಗಾಗಿ ಕಾಲು ಕೊಯ್ದುಕೊಳ್ಳುವವರು

ಈ ಪುಟವನ್ನು ಓದುವ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಇಂದಿನ ವಿಷಯ ವಿಚಿತ್ರವೆನಿಸೀತು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ಮೇಷ್ಟ್ರಿಗೆ ಅಮೆರಿಕದ ಕಾರಿನ ಚಕ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಗೊಡವೆ ಚಕ್ರದ್ದಲ್ಲ, ಆ ಕಾರಿನಲ್ಲಿ ಕುಳಿತವರದು.

ಮಿಶಿಗನ್ನಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮಿಂಚಂಚೆ ಬರೆದಿದ್ದ. ಅವನ ಬಳಿ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ಎಂಬ ಕಾರಿದೆ. ಶನಿವಾರ ಅದನ್ನು ಡ್ರ್ಯಾಗ್ ರೇಸಿನ ಪಥಕ್ಕೆ ಒಯ್ಯುತ್ತಾನೆ. ಸೋಮವಾರ ಅದೇ ಕಾರಿನಲ್ಲಿ ಏಳು ವರ್ಷದ ಮಗಳನ್ನು ಶಾಲೆಗೆ ಬಿಡುತ್ತಾನೆ. ಹಿಂಬದಿಗೆ 15 ಇಂಚಿನ ಡ್ರ್ಯಾಗ್ ಚಕ್ರ ಹಾಕಬೇಕೆಂಬುದು ಅವನ ಆಸೆ. ಆದರೆ ಕಾರಿನ ದೊಡ್ಡ ಹಿಂಬ್ರೇಕು ಆ ಚಕ್ರದೊಳಗೆ ಹಿಡಿಸುವುದಿಲ್ಲ. ಆದ್ದರಿಂದ ಬ್ರೇಕನ್ನೇ ಕಿರಿದು ಮಾಡುವ ಒಂದು ಕಿಟ್ ತರಿಸಿಟ್ಟಿದ್ದಾನೆ. "ಸರ್, ಕಾರು ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದಲ್ಲವೇ? ಹಿಂದಿನದು ಚಿಕ್ಕದಾದರೆ ಏನು ನಷ್ಟ? ನೀವೇ ಲೆಕ್ಕ ಹಾಕಿ ಹೇಳಿ" ಎಂದು ಕೇಳಿದ್ದ. ಹೀಗೆ ಮಾಡುವವರು ಬಹಳ ಮಂದಿ ಇರುವುದರಿಂದ, ಅವನ ಒಪ್ಪಿಗೆ ಪಡೆದು ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ದೊಡ್ಡ ಎಂಜಿನ್ನಿನ, ನೇರ ರಸ್ತೆಯಲ್ಲಿ ಬಾಣದಂತೆ ನುಗ್ಗುವ ಅಮೆರಿಕದ ಕಾರುಗಳಿಗೆ ಮಸಲ್ ಕಾರು ಎನ್ನುತ್ತಾರೆ. ಡ್ರ್ಯಾಗ್ ರೇಸೆಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರು, ಯಾರು ಬೇಗ ಮುಟ್ಟುತ್ತಾರೆಂಬ ಪಂದ್ಯ. 2015ರ ಮಾದರಿಯಾಗಿ ಬಂದ ಹೆಲ್‌ಕ್ಯಾಟಿನ ಶಕ್ತಿ 707 ಅಶ್ವಶಕ್ತಿ; ತೂಕ ಸುಮಾರು ಎರಡು ಟನ್ನು. ಅದರ ಮುಂದಿನ ಬ್ರೇಕ್ ಡಿಸ್ಕಿನ ವ್ಯಾಸ 15.4 ಇಂಚು, ಹಿಂದಿನದು 13.8 ಇಂಚು, ಚಕ್ರ 20 ಇಂಚು.

ಚಿಕ್ಕ ಚಕ್ರ ಬೇಕೆನ್ನುವವರು ಮೂರ್ಖರಲ್ಲ. ಟೈರಿನ ಒಟ್ಟು ಎತ್ತರ 28 ಇಂಚು ಎಂದಿಟ್ಟುಕೊಳ್ಳಿ. ಚಕ್ರ 20 ಇಂಚಿನದಾದರೆ ಟೈರಿನ ಪಕ್ಕದ ಗೋಡೆಗೆ ಉಳಿಯುವುದು 4 ಇಂಚು ಮಾತ್ರ. 15 ಇಂಚಿನದಾದರೆ ಆರೂವರೆ ಇಂಚು. ಎತ್ತರದ ಮೆತ್ತನೆಯ ಗೋಡೆ ಹೊರಡುವ ಕ್ಷಣದಲ್ಲಿ ಸುಕ್ಕುಗಟ್ಟಿ ಆಘಾತವನ್ನು ನುಂಗುತ್ತದೆ. ಟೈರು ನೆಲವನ್ನು ಉದ್ದಕ್ಕೆ ಅಪ್ಪಿ ಹಿಡಿಯುತ್ತದೆ. ಹಿಂದಿನ ಅಚ್ಚು ಕುಪ್ಪಳಿಸುವುದು ತಗ್ಗುತ್ತದೆ. ಚಿಕ್ಕ ಚಕ್ರ ಹಗುರ. ತಿರುಗಿಸಲು ಕಡಿಮೆ ಶ್ರಮ ಸಾಕು. ಇದೆಲ್ಲವೂ ಸರಿಯಾದ ವಿಜ್ಞಾನವೇ.

ತೊಡಕು ಬರುವುದು ಜಾಗದಲ್ಲಿ. 15 ಇಂಚೆಂಬುದು ಟೈರು ಕೂರುವ ಜಾಗದ ಅಳತೆ. ಚಕ್ರದ ಒಳಗಿನ ತೆರವು ಅದಕ್ಕಿಂತ ಕಡಿಮೆ. 13.8 ಇಂಚಿನ ಡಿಸ್ಕು, ಅದರ ಅಂಚನ್ನು ಹೊರಗಿನಿಂದ ತಬ್ಬಿ ಕುಳಿತ ಕ್ಯಾಲಿಪರ್, ಎರಡೂ ಸೇರಿದರೆ ಅಲ್ಲಿ ಹಿಡಿಸಲಾರವು. ಆಗ ಕೆಲವರು ಗ್ರೈಂಡರ್ ಹಿಡಿದು ಕ್ಯಾಲಿಪರಿನ ಮೂಲೆಗಳನ್ನು ಉಜ್ಜಿ ತೆಗೆಯುತ್ತಾರೆ. ಅಪಾರ ಒತ್ತಡ ತಾಳಬೇಕಾದ ಲೋಹವನ್ನು ಅಂದಾಜಿನಲ್ಲಿ ತೆಳುವಾಗಿಸುವ ಈ ಸಾಹಸದ ಬಗ್ಗೆ ವಾದಿಸುವುದೂ ವ್ಯರ್ಥ. ಉಳಿದವರು ಬ್ರೇಕನ್ನು ಪೂರ್ತಿ ಬಿಚ್ಚಿ ಕಿರಿದಾದ ಡಿಸ್ಕು, ಕಿರಿದಾದ ಕ್ಯಾಲಿಪರ್ ಕೂರಿಸುತ್ತಾರೆ. ಇಂಥ ಕೆಲವು ಕಿಟ್ಟುಗಳಲ್ಲಿ ಪಾರ್ಕಿಂಗ್ ಬ್ರೇಕೂ ಮಾಯವಾಗುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಇನ್ನು ಅವರ ಮೊದಲ ವಾದ: ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುತ್ತದೆ. ನಿಜ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಆದರೆ ಹೆಚ್ಚು ಎಂದರೆ ಎಲ್ಲವೂ ಎಂದಲ್ಲ. ಹಿಂದಿನ ಪಾಲು ಮೂವತ್ತರಷ್ಟೇ ಇರಲಿ. ಅದು ಕುಗ್ಗಿದರೆ ತುಂಬಿಕೊಡುವವರಾರು? ಗಾಬರಿಯಲ್ಲಿ ಬಲವಾಗಿ ಒತ್ತಿದಾಗ ಮುಂದಿನ ಟೈರುಗಳು ಆಗಲೇ ತಮ್ಮ ಹಿಡಿತದ ಎಲ್ಲೆಯಲ್ಲಿರುತ್ತವೆ. ಅವುಗಳಿಂದ ಹೆಚ್ಚಿನದನ್ನು ಹಿಂಡಲಾಗದು. ಹಿಂದೆ ಆದ ಕೊರತೆ ರಸ್ತೆಯ ಮೇಲೆ ಅಡಿಗಳಾಗಿ, ಗಜಗಳಾಗಿ ಉದ್ದವಾಗುತ್ತದೆ. ಇಷ್ಟಲ್ಲದೆ ಎಬಿಎಸ್ ಮತ್ತು ಕಾರಿನ ಸ್ಥಿರತೆ ಕಾಯುವ ವ್ಯವಸ್ಥೆಗಳನ್ನು ಹೊಂದಿಸಿರುವುದು ಮೂಲ ಬ್ರೇಕಿನ ಬಲಕ್ಕೆ. ಬಲ ಬದಲಾದರೆ ಅವುಗಳ ಲೆಕ್ಕವೂ ತಪ್ಪುತ್ತದೆ.

ಎರಡನೆಯ ವಾದ ಇನ್ನೂ ಆಕರ್ಷಕ: ಗಂಟೆಗೆ 140 ಮೈಲಿ ವೇಗದಿಂದ ಪಥದಲ್ಲಿ ನಿಲ್ಲಿಸುವ ಬ್ರೇಕು 70 ಮೈಲಿಯ ರಸ್ತೆಯಲ್ಲಿ ನಿಲ್ಲಿಸದೇ? ಇಲ್ಲಿ ಒಂಬತ್ತನೇ ತರಗತಿಯ ಪಾಠವನ್ನು ನೆನಪಿಸಿಕೊಳ್ಳಿ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎರಡು ಟನ್ನಿನ ಕಾರು 70 ಮೈಲಿಯಲ್ಲಿ ಓಡುವಾಗ ಅದರಲ್ಲಿರುವ ಶಕ್ತಿ ಸುಮಾರು ಹತ್ತು ಲಕ್ಷ ಜೂಲ್. ಮೂರು ಲೀಟರ್ ನೀರನ್ನು ತಣ್ಣಗಿನಿಂದ ಕುದಿಯುವವರೆಗೆ ಕಾಯಿಸುವಷ್ಟು. 140 ಮೈಲಿಯಲ್ಲಿ ಅದರ ನಾಲ್ಕರಷ್ಟು. ಹಾಗಾದರೆ ವಾದ ಗೆದ್ದಿತೇ? ಇಲ್ಲ. ಪಥದಲ್ಲಿ ಗೆರೆ ದಾಟಿದ ಮೇಲೆ ನಿಧಾನಿಸಲು ಉದ್ದನೆಯ ಬಯಲಿದೆ. ಎದುರಿಗೆ ಯಾರೂ ಇಲ್ಲ. ಒಂದು ಸಲ ನಿಲ್ಲಿಸಿದರೆ ಮುಂದಿನ ಸರದಿಯವರೆಗೆ ಡಿಸ್ಕು ತಣಿಯುತ್ತದೆ. ರಸ್ತೆಗೆ ಆ ದಯೆಯಿಲ್ಲ. ಇಳಿಜಾರಿನಲ್ಲಿ, ವಾಹನದಟ್ಟಣೆಯಲ್ಲಿ ಐದು ನಿಮಿಷಕ್ಕೆ ಹತ್ತು ಸಲ ಒತ್ತಬೇಕು. ಕಬ್ಬಿಣದ ತೂಕ ಅರ್ಧವಾದರೆ ಅಷ್ಟೇ ಶಾಖಕ್ಕೆ ತಾಪದ ಏರಿಕೆ ಎರಡರಷ್ಟು. ತಣ್ಣಗಿನ ಬ್ರೇಕಿನಿಂದ ಒಂದು ಸಲ ನಿಲ್ಲಿಸುವಾಗ ವ್ಯತ್ಯಾಸ ಕಾಣದಿರಬಹುದು. ಜನ ಮೋಸ ಹೋಗುವುದು ಅಲ್ಲಿಯೇ. ಹತ್ತನೆಯ ಸಲಕ್ಕೆ ಪ್ಯಾಡಿನ ಘರ್ಷಣೆ ಕುಗ್ಗುತ್ತದೆ. ತಾಪ ಇನ್ನೂ ಏರಿದರೆ ಬ್ರೇಕಿನ ದ್ರವ ಕುದಿದು ಪೆಡಲು ಕುಸಿಯುತ್ತದೆ.

ಮೂರನೆಯ ವಾದ: ಕಾರ್ಖಾನೆಯವರೇ ಬ್ರೇಕು ಕಿರಿದು ಮಾಡಿದ್ದಾರಲ್ಲ? ಹೌದು, 2018ರ ಚಾಲೆಂಜರ್ ಡೀಮನ್‌ನಲ್ಲಿ ಮುಂದಿನ ಡಿಸ್ಕನ್ನು 14.2 ಇಂಚಿಗೆ ಇಳಿಸಿದರು. ಆದರೆ ಅವರು ಇಡೀ ಕಾರನ್ನು ಆ ಬ್ರೇಕಿಗೆ ಹೊಂದಿಸಿ, ಪರೀಕ್ಷಿಸಿ ಮಾರಿದರು. ಮನೆಯ ಗ್ಯಾರೇಜಿನಲ್ಲಿ ಒಂದು ಭಾನುವಾರ ಬೋಲ್ಟು ಬಿಗಿಯುವುದಕ್ಕೂ ಅದಕ್ಕೂ ಅಜಗಜಾಂತರ. ಅದೇ ಕಾರ್ಖಾನೆ 2023ರ ಡೀಮನ್ 170ಕ್ಕೆ ಹಿಂದೆ ಕೊಟ್ಟ ಚಕ್ರ 15 ಇಂಚಿನದಲ್ಲ, 17 ಇಂಚಿನದು. ಅದರ ಟೈರಿನ ಗೋಡೆ ಆರು ಇಂಚಿಗೂ ಮಿಗಿಲು. ಕಾಲು ಮೈಲಿಯನ್ನು 8.91 ಸೆಕೆಂಡಿನಲ್ಲಿ ಮುಗಿಸಿತೆಂದು ಕಂಪನಿ ಪ್ರಕಟಿಸಿದ ಕಾರು ಅದು. ಹೆಲ್‌ಕ್ಯಾಟಿನ ಮೂಲ ಹಿಂಬ್ರೇಕಿನ ಮೇಲೆ ನೇರವಾಗಿ ಕೂರುವಂಥ 17 ಇಂಚಿನ ಡ್ರ್ಯಾಗ್ ಚಕ್ರಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೇಕಾದ ಮೆತ್ತನೆಯ ಗೋಡೆಯ ಬಹುಪಾಲು ಬ್ರೇಕನ್ನು ಮುಟ್ಟದೆಯೇ ದೊರೆಯುವಾಗ, ಉಳಿದ ಒಂದಿಷ್ಟು ಇಂಚಿಗಾಗಿ ಜೀವ ಕಾಯುವ ಅಂಗವನ್ನು ಕತ್ತರಿಸುವುದು ಯಾವ ಜಾಣತನ? ಚಕ್ರವು ಬ್ರೇಕಿಗೆ ಹೊಂದಬೇಕು, ಬ್ರೇಕು ಚಕ್ರಕ್ಕಲ್ಲ. ಕಾಲಿನ ಅಳತೆಗೆ ಮೆಟ್ಟು, ಮೆಟ್ಟಿನ ಅಳತೆಗೆ ಕಾಲಲ್ಲ.

15 ಇಂಚೇ ಬೇಕೆಂಬ ಹಟವಿದ್ದರೆ ಅದಕ್ಕೂ ಗೌರವದ ದಾರಿಯಿದೆ. ಆ ಕಾರನ್ನು ಪಥಕ್ಕೇ ಮೀಸಲಿಡಿ. ಟ್ರೇಲರಿನ ಮೇಲೆ ಒಯ್ಯಿರಿ. ಮಗುವನ್ನು ಶಾಲೆಗೆ ಬಿಡಲು ಬೇರೆ ಕಾರಿರಲಿ. ಒಂದೇ ಕಾರು ಎರಡೂ ಆಗಬೇಕೆಂಬ ದುರಾಸೆಯನ್ನಷ್ಟೇ ನಾನು ವಿರೋಧಿಸುವುದು.

ಪಥವನ್ನೇ ಬದುಕಾಗಿಸಿಕೊಂಡವರು ನಿಲ್ಲುವುದರ ಬೆಲೆಯನ್ನು ದುಬಾರಿಯಾಗಿ ಕಲಿತಿದ್ದಾರೆ. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಹೆಸರಾಂತ ಚಾಲಕ, ಎಂಜಿನ್ ಸಿಡಿದು ಕಾರು ನಿಲ್ಲಿಸಲಾಗದೆ ಪಥದ ಕೊನೆ ದಾಟಿ ಮಡಿದರು. ಆ ಬಳಿಕ ಎನ್‌ಎಚ್‌ಆರ್‌ಎ ಸಂಸ್ಥೆಯು ಅತಿವೇಗದ ಎರಡು ವರ್ಗಗಳ ಪಂದ್ಯವನ್ನು ಕಾಲು ಮೈಲಿಯಿಂದ 1,000 ಅಡಿಗೆ ಇಳಿಸಿತು. ಓಟ ಚಿಕ್ಕದಾದರೂ ಸರಿ, ನಿಲ್ಲಲು ಜಾಗ ಹೆಚ್ಚಲಿ ಎಂಬುದು ಅವರ ತೀರ್ಮಾನ. ಹವ್ಯಾಸಿಗಳು ಅದರ ವಿರುದ್ಧ ದಿಕ್ಕಿಗೆ ನಡೆಯುತ್ತಿದ್ದಾರೆ.

ಕೊನೆಗೊಂದು ಹಳೆಯ ಮಾತು. ಇದೇ ಹುಡುಗ ಎಂಟನೇ ತರಗತಿಯಲ್ಲಿದ್ದಾಗ ತನ್ನ ಸೈಕಲಿನ ಹಿಂಬ್ರೇಕಿನ ರಬ್ಬರು ಕಿತ್ತುಹಾಕಿದ್ದ. ರಿಮ್ಮಿಗೆ ತಾಗಿ ವೇಗ ತಗ್ಗಿಸುತ್ತದೆಂಬುದು ಅವನ ವಿವರಣೆ. ಘರ್ಷಣೆಯ ಪಾಠ ಎಷ್ಟು ಚೆನ್ನಾಗಿ ತಲೆಗೆ ಹೋಗಿದೆಯೆಂದು ನಾನು ಹಿಗ್ಗಿ, ತರಗತಿಯಲ್ಲಿಯೇ ಹೊಗಳಿಬಿಟ್ಟೆ. ಮರುವಾರ ಶಾಲೆಯ ಮುಂದಿನ ಇಳಿಜಾರಿನಲ್ಲಿ ಬಿದ್ದು ಕೈ ಮುರಿದುಕೊಂಡ. ಅವನ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ; ಅದು ಈಗಲೂ ನನ್ನನ್ನು ಕೊರೆಯುತ್ತದೆ. ಅಂದು ಹೇಳಬೇಕಾದುದನ್ನು ಇಂದು ಹೇಳುತ್ತಿದ್ದೇನೆ: ಮಗೂ, ಆ ಕಿಟ್ಟನ್ನು ಹಿಂದಿರುಗಿಸು. ಪಥದಲ್ಲಿ ಅರೆಕ್ಷಣ ತಡವಾದರೆ ಯಾರೂ ಅಳುವುದಿಲ್ಲ. ಹಿಂದಿನ ಸೀಟಿನಲ್ಲಿರುವ ನಿನ್ನ ಮಗಳಿಗೆ ಕಾರು ಎಷ್ಟು ಬೇಗ ಹೊರಡುತ್ತದೆ ಎಂಬುದರ ಹಂಗಿಲ್ಲ; ಅಪ್ಪ ನಿಲ್ಲಿಸಬೇಕೆಂದಾಗ ಅದು ನಿಲ್ಲಬೇಕು, ಅಷ್ಟೇ.