ಎತ್ತಿಗೆ ಜ್ವರ, ಎಮ್ಮೆಗೆ ಬರೆ

ವೆಬ್‌ಸೈಟುಗಳನ್ನು ತಾನಾಗಿಯೇ ಪರೀಕ್ಷಿಸುವ ಮೈಕ್ರೋಸಾಫ್ಟ್‌ನ ಪ್ಲೇರೈಟ್, 2025ರಲ್ಲಿ ಬಂದ 1.56ನೇ ಆವೃತ್ತಿಯಲ್ಲಿ ಮೂರು ಎಐ ಏಜೆಂಟ್‌ಗಳನ್ನು ಪರಿಚಯಿಸಿತು: ಪ್ಲಾನರ್, ಜನರೇಟರ್, ಹೀಲರ್. ಪ್ಲಾನರ್ ಸೈಟನ್ನು ಸುತ್ತಾಡಿ ಏನೇನು ಪರೀಕ್ಷಿಸಬೇಕೆಂದು ಯೋಜನೆ ಬರೆಯುತ್ತದೆ. ಜನರೇಟರ್ ಆ ಯೋಜನೆಯನ್ನು ಟೆಸ್ಟ್ ಕೋಡ್ ಮಾಡುತ್ತದೆ. ಹೀಲರ್, ಫೇಲಾದ ಟೆಸ್ಟನ್ನು ‘ಗುಣಪಡಿಸುತ್ತದೆ’. ಮೊದಲೆರಡರ ಮಾತು ಸದ್ಯಕ್ಕೆ ಬೇಡ. ಮೂರನೆಯದರ ಬಗ್ಗೆ ತಕರಾರಿದೆ, ಅದು ಹೆಸರಿನಿಂದಲೇ ಶುರುವಾಗುತ್ತದೆ.

ಗುಣಪಡಿಸುವವರು ಇದ್ದಾರೆಂದರೆ ರೋಗಿಯೂ ಇರಬೇಕು. ಇಲ್ಲಿ ರೋಗಿ ಯಾರು? ಟೆಸ್ಟ್ ಫೇಲಾಗಲು ಮುಖ್ಯವಾಗಿ ಎರಡು ಕಾರಣ: ಒಂದೋ ಟೆಸ್ಟ್ ಹಳತಾಗಿದೆ, ಇಲ್ಲವೋ ಸಾಫ್ಟ್‌ವೇರ್ ಕೆಟ್ಟಿದೆ. ಹೀಲರ್ ಎಂದು ಹೆಸರಿಟ್ಟ ಕೂಡಲೇ ತನಿಖೆಗೆ ಮುಂಚೆಯೇ ತೀರ್ಪು ಬಂದಂತಾಯಿತು: ಕಾಯಿಲೆ ಟೆಸ್ಟಿಗೆ.

ಇದು ಬರಿಯ ಪದಗಳ ಜಗಳವಲ್ಲ. ಹೀಲರ್‌ಗೆ ಕೊಟ್ಟಿರುವ ಸೂಚನೆಗಳಲ್ಲಿ ಗುಂಡಿ, ಕೊಂಡಿಗಳನ್ನು ಹುಡುಕುವ ದಾರಿಯನ್ನು ಸರಿಪಡಿಸುವುದಷ್ಟೇ ಅಲ್ಲ, ನಿರೀಕ್ಷಿತ ಫಲಿತಾಂಶವನ್ನು ತಿದ್ದುವುದೂ ಸೇರಿದೆ. ಬಳಕೆದಾರರನ್ನು ಪ್ರಶ್ನೆ ಕೇಳದೆ, ಟೆಸ್ಟ್ ಪಾಸಾಗಲು ಯುಕ್ತವೆನಿಸಿದ್ದನ್ನು ಮಾಡು ಎಂಬ ಮಾತೂ ಇದೆ. ಟೆಸ್ಟೇ ಸರಿ, ಸಾಫ್ಟ್‌ವೇರೇ ಕೆಟ್ಟಿದೆ ಎಂದು ಅದಕ್ಕೆ ಗಟ್ಟಿಯಾಗಿ ಅನಿಸಿದರೆ? ಆಗ ಆ ಟೆಸ್ಟನ್ನು ಬದಿಗಿಡುತ್ತದೆ. ಬದಿಗಿಟ್ಟ ಟೆಸ್ಟಿನಿಂದ ಇಡೀ ರನ್ ಫೇಲಾಗುವುದಿಲ್ಲ. ಸಾಕ್ಷಿ ಸುಳ್ಳು ಹೇಳಿದ್ದರೆ ತಿದ್ದುತ್ತಾರೆ, ನಿಜ ಹೇಳಿದ್ದರೆ ಹೊರಗೆ ಕೂರಿಸುತ್ತಾರೆ.

ಹೀಲರ್ ಪರ ವಕೀಲರ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಯಾರೋ ಒಂದು ಗುಂಡಿಯ ಹೆಸರು ಬದಲಿಸಿದ್ದಕ್ಕೆ ನಲವತ್ತು ಟೆಸ್ಟ್‌ಗಳು ಕೆಂಪಾಗುವುದು, ಅದನ್ನು ಸರಿಮಾಡುವುದರಲ್ಲೇ ಟೆಸ್ಟರ್‌ಗಳ ಅರ್ಧ ದಿನ ಹೋಗುವುದು, ಇದು ಪುಣೆಯಿಂದ ಹೈದರಾಬಾದಿನವರೆಗೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಆ ಜೀತ ತಪ್ಪಿದರೆ ಒಳ್ಳೆಯದೇ. ಆದರೆ ಜೀತದ ಜೊತೆಗೆ ತೀರ್ಮಾನವನ್ನೂ ಒಪ್ಪಿಸಿಬಿಡುವುದು ಬೇರೆ ಮಾತು.

ಕನ್ನಡದಲ್ಲೂ ಸಿಗುವ ಒಂದು ಬಿಲ್ ಪಾವತಿ ಪುಟವನ್ನು ಊಹಿಸಿಕೊಳ್ಳಿ. ‘ರದ್ದುಮಾಡಿ’ ಎಂಬ ಗುಂಡಿಯನ್ನು ಹುಡುಕಿ ಒತ್ತುವ ಟೆಸ್ಟ್ ಇದೆ. ಹೊಸ ಆವೃತ್ತಿಯಲ್ಲಿ ಆ ಒಂದು ಪದದ ಅನುವಾದ ಬಿಟ್ಟುಹೋಗುತ್ತದೆ. ಅನುವಾದ ಸಿಗದಿದ್ದಾಗ ಇಂಗ್ಲಿಷನ್ನೇ ತೋರಿಸುವುದು ಇಂಥ ಸಾಫ್ಟ್‌ವೇರುಗಳ ವಾಡಿಕೆ. ಗುಂಡಿಯ ಮೇಲೆ ಇಂಗ್ಲಿಷಿನ ‘ಕ್ಯಾನ್ಸಲ್’ ಬಂದು ಕೂರುತ್ತದೆ. ಟೆಸ್ಟ್ ಫೇಲಾಗುತ್ತದೆ, ಆಗಲೇಬೇಕು. ಕನ್ನಡವಷ್ಟೇ ಓದಬಲ್ಲ ಒಬ್ಬ ಗ್ರಾಹಕಿಯ ಪರವಾಗಿ ಆ ಕಂಪನಿಯೊಳಗೆ ದನಿಯೆತ್ತುವುದು ಅದೊಂದೇ. ಹೀಲರ್ ಬರುತ್ತದೆ. ಅದೇ ಜಾಗದಲ್ಲಿ, ಅದೇ ಕೆಲಸ ಮಾಡುವ ಗುಂಡಿ ಕಾಣುತ್ತದೆ. ಟೆಸ್ಟಿನಲ್ಲಿ ‘ರದ್ದುಮಾಡಿ’ ತೆಗೆದು ಇಂಗ್ಲಿಷ್ ಪದ ಹಾಕಿದರೆ ಎಲ್ಲ ಹಸಿರು. ಇನ್ನು ಮುಂದೆ ಯಾರಾದರೂ ಅನುವಾದವನ್ನು ಸರಿಪಡಿಸಿದರೆ ಅವರ ಮೇಲೇ ಟೆಸ್ಟ್ ಕೆಂಪಾಗುತ್ತದೆ!

ಇದ್ದದ್ದೇ ಸರಿ ಎನ್ನುವ ಈ ಚಾಳಿ ಹೊಸದಲ್ಲ. ತೆರೆಚಿತ್ರ ಹೋಲಿಸುವ ಟೆಸ್ಟ್‌ಗಳಲ್ಲಿ ಮಾದರಿ ಚಿತ್ರವನ್ನು ಸಾಫ್ಟ್‌ವೇರಿನಿಂದಲೇ ತೆಗೆಯುತ್ತಾರೆ. ಟೆಸ್ಟ್ ಓಡಿಸುವ ಲಿನಕ್ಸ್ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತವೆ. ಯಾರೂ ಕಣ್ಣು ಹಾಯಿಸದಿದ್ದರೆ ಆ ಚೌಕಗಳೇ ಮಾದರಿ. ಆದರೆ ಆಗ ಚಿತ್ರ ಬದಲಿಸಲು ಒಬ್ಬ ಮನುಷ್ಯ ಆಜ್ಞೆ ಕೊಡಬೇಕಿತ್ತು, ತಪ್ಪಿಗೆ ಒಬ್ಬ ಹೊಣೆಗಾರ ಇರುತ್ತಿದ್ದ.

ಹಾಗಾಗಿ ಇದನ್ನು ಬಳಸುವ ತಂಡಗಳು ಒಂದು ಗೆರೆ ಎಳೆಯಬೇಕು. ಗುಂಡಿಯನ್ನು ಹುಡುಕುವ ದಾರಿಯನ್ನು ಹೀಲರ್ ತಿದ್ದಲಿ. ಏನು ಕಾಣಬೇಕು, ಎಷ್ಟು ಹಣ ಕಡಿತವಾಗಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂಬುದನ್ನು ಮುಟ್ಟಬಾರದು. ಹೆಸರೇ ಭಾಷೆಯ ಪರೀಕ್ಷೆಯೂ ಆಗಿರುವಾಗ ಅದನ್ನು ಬರಿಯ ದಾರಿ ಎಂದು ಎಣಿಸಬಾರದು. ಬದಿಗಿಟ್ಟ ಟೆಸ್ಟ್ ಒಂದಿದ್ದರೂ ಬಿಡುಗಡೆ ನಿಲ್ಲಬೇಕು. ಕನ್ನಡ ಪುಟದ ತಿದ್ದುಪಡಿಗೆ ಕನ್ನಡ ಓದಬಲ್ಲವರೊಬ್ಬರ ಒಪ್ಪಿಗೆ ಬೇಕು. ಇದಕ್ಕೆ ಹೊಸ ಆವೃತ್ತಿ ಬೇಕಿಲ್ಲ, ಸಂಬಳ ಕೊಟ್ಟು ಒಬ್ಬರನ್ನು ಕೂರಿಸಿದರೆ ಸಾಕು. ಆ ಒಂದು ಸಂಬಳ ಉಳಿಸುವುದಕ್ಕೇ ಹೀಲರ್ ಬಂದಿದ್ದಾದರೆ, ಕಂಪನಿಗಳು ಅದನ್ನು ನೇರವಾಗಿ ಹೇಳಲಿ.