ಕೊಂಡ ಮೇಲೂ ಕೈಸೇರದ ವಸ್ತು

ಹಣ ಕೊಟ್ಟು ಕೊಂಡವರು ವಸ್ತುವಿನ ಒಡೆಯರಾಗುತ್ತಾರೆ, ಮಾರಿದವರಿಗೂ ಅದಕ್ಕೂ ಇದ್ದ ನಂಟು ಅಲ್ಲಿಗೆ ಹರಿಯುತ್ತದೆ ಎಂಬುದು ಸಂತೆಯಷ್ಟೇ ಹಳೆಯ ತಿಳುವಳಿಕೆ. ಹೊಲಿಗೆ ಯಂತ್ರ, ಸೈಕಲ್ಲು, ಮಿಕ್ಸಿ ಇವೆಲ್ಲ ಈ ತಿಳುವಳಿಕೆಯ ಮೇಲೆಯೇ ಮನೆ ಸೇರಿದವು. ತಯಾರಿಸಿದ ಕಂಪನಿ ಬಾಗಿಲು ಹಾಕಿದರೂ ಹೊಲಿಗೆ ಯಂತ್ರ ಹೊಲಿಯುತ್ತಲೇ ಇತ್ತು, ಕೆಟ್ಟರೆ ಊರಿನ ರಿಪೇರಿಯವನ ಕೈಗೆ ಅದು ದಕ್ಕುತ್ತಿತ್ತು. ಇಂಟರ್ನೆಟ್ಟಿಗೆ ಜೋಡಿಸಿದ ಸಾಧನಗಳು, ಅಂದರೆ ಬಾಗಿಲ ಮುಂದಿನ ದೃಶ್ಯವನ್ನು ಫೋನಿಗೆ ಕಳಿಸುವ ಕ್ಯಾಮೆರಾ, ಮಾತು ಕೇಳಿ ಉತ್ತರಿಸುವ ಸ್ಪೀಕರು, ನಾಡಿಬಡಿತ ಎಣಿಸುವ ಕೈಗಡಿಯಾರ ಮುಂತಾದವು, ಈ ತಿಳುವಳಿಕೆಯನ್ನು ಸದ್ದಿಲ್ಲದೆ ಬದಲಿಸಿವೆ. ಇವುಗಳ ಕೆಲಸದ ಒಂದು ಪಾಲು ಮನೆಯೊಳಗೆ ನಡೆದರೆ ಇನ್ನೊಂದು ಪಾಲು ತಯಾರಕರ ಸರ್ವರಿನಲ್ಲಿ, ಎಂದರೆ ದೂರದಲ್ಲೆಲ್ಲೋ ಹಗಲಿರುಳು ಚಾಲೂ ಇರುವ ಕಂಪ್ಯೂಟರಿನಲ್ಲಿ, ನಡೆಯುತ್ತದೆ. ಹೀಗಿರುವಾಗ ಇಂಥ ಸಾಧನಗಳು ಎಷ್ಟು ಹೆಚ್ಚಿದವು ಎಂಬುದಕ್ಕಿಂತ, ಹಣ ಸಂದಾಯವಾದ ಮೇಲೂ ಅವುಗಳ ಜುಟ್ಟು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆಯಾಗುತ್ತದೆ.

ಮೊದಮೊದಲು ಈ ಪ್ರಶ್ನೆ ಏಳುವ ಸಂದರ್ಭವೇ ಇರಲಿಲ್ಲ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು, ಅಷ್ಟು ದೂರ ನಡೆದುಹೋದರೂ ಕಾಫಿ ಪಾತ್ರೆ ಬರಿದಾಗಿರುವುದನ್ನು ಕಂಡು ಬೇಸತ್ತು, ಅದರ ಮುಂದೊಂದು ಕ್ಯಾಮೆರಾ ಇಟ್ಟು, ಚಿತ್ರ ತಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಕಾಣುವಂತೆ ಮಾಡಿಕೊಂಡರು. ಅಲ್ಲಿ ಜೋಡಿಸಿದವರೂ ನೋಡುವವರೂ ಕಾಫಿ ಕುಡಿಯುವವರೂ ಒಬ್ಬರೇ. ‘ವಸ್ತುಗಳ ಅಂತರಜಾಲ’ ಎಂಬ ಹೆಸರನ್ನು 1999ರಲ್ಲಿ ಕೆವಿನ್ ಆಶ್ಟನ್ ಬಳಕೆಗೆ ತಂದಾಗಲೂ ಅವರ ಗಮನವಿದ್ದದ್ದು ಕಂಪನಿಯ ಸರಕು ಎಲ್ಲೆಲ್ಲಿದೆ ಎಂದು ತಿಳಿಯುವುದರ ಮೇಲೆ. ಮನೆಯ ಬೀಗ, ಬೆಳಕು, ಹಾಸಿಗೆಗಳ ಮಾತು ಆಮೇಲೆ ಬಂದದ್ದು.

ಮನೆಯೊಳಗೆ ಬಂದ ಮೇಲೆ ಏನಾಯಿತೆಂಬುದಕ್ಕೆ ಅಮೆರಿಕದ ರಿವಾಲ್ವ್ ಎಂಬ ಸಾಧನ ಸಾಕ್ಷಿ. ಮನೆಯ ದೀಪ, ಬೀಗಗಳನ್ನು ಫೋನಿನಿಂದ ನಿಯಂತ್ರಿಸಲು ನೆರವಾಗುತ್ತಿದ್ದ, ಸುಮಾರು 300 ಡಾಲರ್ ಬೆಲೆಯ ಈ ಪೆಟ್ಟಿಗೆಯನ್ನು ತಯಾರಿಸಿದ ಕಂಪನಿಯನ್ನು 2014ರಲ್ಲಿ ನೆಸ್ಟ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸರ್ವರನ್ನು ನಿಲ್ಲಿಸಿತು. ಪೆಟ್ಟಿಗೆಯೊಳಗಿನ ಒಂದು ತಂತಿಯೂ ಕೆಟ್ಟಿರಲಿಲ್ಲ, ಆದರೂ ಅಂದಿನಿಂದ ಅದು ಕೆಲಸಕ್ಕೆ ಬಾರದಾಯಿತು. ಒಡೆತನವೆಂದರೆ ವಸ್ತು ಬಳಿಯಲ್ಲಿರುವುದಷ್ಟೇ ಅಲ್ಲ, ಅದು ಬೇಕೆಂದಾಗ ದುಡಿಯುವುದು. ಹಾಗೆ ನೋಡಿದರೆ ಈ ಗ್ರಾಹಕರು ಕೊಂಡದ್ದು ವಸ್ತುವನ್ನಲ್ಲ, ಅವಧಿ ನಮೂದಿಸದ ಗೇಣಿಯನ್ನು.

ಇಂಥ ಜೋಡಣೆಯ ನಷ್ಟ ಕೊಂಡವರಿಗೆ ಮಾತ್ರ ತಟ್ಟುವುದೂ ಅಲ್ಲ. 2016ರಲ್ಲಿ ಹಬ್ಬಿದ ಮಿರೈ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಳಸುತ್ತಿದ್ದ ಕ್ಯಾಮೆರಾ, ರೌಟರ್‌ಗಳನ್ನು ಹುಡುಕಿ, ಅರವತ್ತರ ಆಸುಪಾಸಿನ ಸಿದ್ಧ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ ಒಳನುಗ್ಗಿತು. ಅದೇ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳು ಒಟ್ಟಾಗಿ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಮುಗಿಬಿದ್ದದ್ದರಿಂದ ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಾದವು. ಕ್ಯಾಮೆರಾ ಮಾತ್ರ ಎಂದಿನಂತೆ ಅಂಗಳವನ್ನು ತೋರಿಸುತ್ತಿದ್ದುದರಿಂದ ಅದರ ಮಾಲೀಕರಿಗೆ ಇದರ ಸುಳಿವೂ ಹತ್ತುವಂತಿರಲಿಲ್ಲ. ಮಾರಿದವರಿಗೂ ಕೊಂಡವರಿಗೂ ನೋವಾಗದ, ಮೂರನೆಯವರು ಬೆಲೆ ತೆರುವ ಇಂಥ ದೋಷವನ್ನು ಪೇಟೆ ತಾನಾಗಿ ತಿದ್ದುವುದಿಲ್ಲ, ಕಾನೂನೇ ತಿದ್ದಬೇಕು. ಎಲ್ಲ ಸಾಧನಗಳಿಗೂ ಒಂದೇ ಸುಲಭ ಪಾಸ್‌ವರ್ಡ್ ಇಡುವುದನ್ನು ನಿಷೇಧಿಸಿ, ಸುರಕ್ಷತೆಯ ಅಪ್‌ಡೇಟ್‌ಗಳನ್ನು ಕನಿಷ್ಠ ಎಷ್ಟು ಕಾಲ ಕೊಡಲಾಗುವುದೆಂದು ಮೊದಲೇ ತಿಳಿಸಬೇಕೆಂದು ವಿಧಿಸುವ ಬ್ರಿಟನ್ನಿನ ಕಾನೂನು 2024ರ ಏಪ್ರಿಲ್ 29ರಂದು ಜಾರಿಗೆ ಬಂದಿತು.

ಆದರೆ ತಪ್ಪು ಜೋಡಣೆಯದೇ ಎಂದು ಹೇಳಿಬಿಡುವುದು ಅನ್ಯಾಯವಾಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟೋ ಸಲ ಸರಿರಾತ್ರಿಯಲ್ಲಿ ಬರುತ್ತದೆ. ಟಾರ್ಚು ಹಿಡಿದು, ಹಾವು ಚೇಳಿಗೆ ಹೆದರುತ್ತ ಬದುವಿನ ಮೇಲೆ ನಡೆದು ಹೋಗಿ ಮೋಟಾರು ಹಾಕುವ ಕಷ್ಟವನ್ನು ತಪ್ಪಿಸಿದ್ದು ಮೊಬೈಲ್ ಸ್ಟಾರ್ಟರ್. ಸ್ಟಾರ್ಟರ್ ಪೆಟ್ಟಿಗೆಗೆ ಸಿಮ್ ಇರುವ ಒಂದು ಚಿಕ್ಕ ಸಾಧನವನ್ನು ಸೇರಿಸಿದರೆ ಸಾಕು, ರೈತ ಮನೆಯಿಂದಲೇ ಕರೆ ಮಾಡಿ ಮೋಟಾರನ್ನು ಚಾಲೂ ಮಾಡಬಹುದು. ಇವುಗಳಲ್ಲಿ ಅನೇಕವು ಇಂಟರ್ನೆಟ್ಟಿನ ಹಂಗಿಲ್ಲದೆ ಬರಿಯ ಫೋನ್ ಜಾಲದ ಮೇಲೆ ನಡೆಯುತ್ತವೆ ಎಂಬುದು ನಿಜ. ಆದರೂ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯದು. ಸಿಮ್ಮಿನ ರೀಚಾರ್ಜ್ ಮುಗಿದರೂ, ಸಿಗ್ನಲ್ ಸಿಗದಿದ್ದರೂ ಪೆಟ್ಟಿಗೆಯ ಹಸಿರು ಗುಂಡಿ ಅಲ್ಲೇ ಇರುತ್ತದೆ, ಒತ್ತಿದರೆ ನೀರು ಬರುತ್ತದೆ. ಜೋಡಣೆ ಸೌಕರ್ಯವನ್ನು ಕೂಡಿಸಿತೇ ಹೊರತು ಹಿಡಿತವನ್ನು ಕಸಿಯಲಿಲ್ಲ.

ಜೋಡಿಸಿದ ಸಾಧನಗಳು ಕಲೆಹಾಕುವ ಮಾಹಿತಿಯ ವಿಷಯ ಇನ್ನೂ ತೊಡಕಿನದು. ಸುಮಾರು 1.1 ಕೋಟಿ ಟಿವಿಗಳಿಂದ ನೋಡುಗರ ಅರಿವಿಲ್ಲದೆ ವೀಕ್ಷಣೆಯ ವಿವರ ಸಂಗ್ರಹಿಸಿದ ಆರೋಪದ ಮೇಲೆ ವಿಜಿಯೊ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ತೆರಲು ಒಪ್ಪಿತು. ಅದೇ ವರ್ಷ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಭಾರತದ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಬಳಿಕ 2023ರಲ್ಲಿ ರೂಪುಗೊಂಡ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಒಪ್ಪಿಗೆಗೆ ಹೆಚ್ಚಿನ ಮಹತ್ವ ಕೊಡುತ್ತದೆ. ಆದರೆ ವ್ಯಕ್ತಿಯೊಬ್ಬರು ಸ್ವಂತಕ್ಕೆ ಅಥವಾ ಮನೆಬಳಕೆಗೆ ಸಂಸ್ಕರಿಸುವ ಮಾಹಿತಿಯನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ. ಹೀಗಾಗಿ ಎದುರು ಮನೆಯ ಕ್ಯಾಮೆರಾದಲ್ಲಿ ದಿನವೂ ಸೆರೆಯಾಗುವ ಹಾಲಿನ ಹುಡುಗನಾಗಲಿ, ರಂಗೋಲಿ ಹಾಕುವ ಹೆಂಗಸಾಗಲಿ ಯಾವ ಒಪ್ಪಿಗೆಯ ಪತ್ರಕ್ಕೂ ಸಹಿ ಹಾಕಿದವರಲ್ಲ, ಕೇಳುವ ದಾರಿಯೂ ಅವರಿಗೆ ಸಲೀಸಾಗಿಲ್ಲ.

ಔಷಧಿಯ ಪೊಟ್ಟಣದ ಮೇಲೆ ಬಳಕೆಯ ಕೊನೆಯ ದಿನಾಂಕ ಅಚ್ಚಾಗಿರಬೇಕೆಂಬುದನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ. ಇಂಟರ್ನೆಟ್ ಜೋಡಣೆಯ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯ ಮೇಲೂ ಅದರ ಸೇವೆ ಯಾವ ವರ್ಷದವರೆಗೆ, ಸರ್ವರ್ ನಿಂತ ಮೇಲೆ ಯಾವ ಯಾವ ಕೆಲಸ ಉಳಿಯುತ್ತದೆ ಎಂಬ ಎರಡು ಸಾಲು ಕನ್ನಡದಲ್ಲಿ ಇದ್ದರೆ, ಹದಿನೈದು ವರ್ಷ ಬಾಳಲೆಂದು ಫ್ರಿಜ್ಜು ಕೊಳ್ಳುವ ಮನೆಯವರು ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಬಲ್ಲರು.